ಲಕ್ಕಿಯ ಜೀವಂತ ಮಂಟಪ

ಇಂಗ್ಲೆಂಡಿನ ತೋಟಗಳಲ್ಲಿ ವಿಲ್ಲೋ ಮರದ ಹಸಿಕಡ್ಡಿಗಳನ್ನು ನೆಟ್ಟು, ಹೆಣೆದು, ಚಿಗುರುವ ಮಂಟಪಗಳನ್ನು ರಚಿಸುವುದುಂಟು. ನೀರನ್ನೇ ಬಯಸುವ ಆ ಮರ ಜೀವನದಿಯಿಲ್ಲದ ಕೋಲಾರ ಸೀಮೆಗೆ ಒಗ್ಗದು. ಬಂಗಾರಪೇಟೆಯ ಬಯಲಿಗೆ ಲಕ್ಕಿಯೇ ತಕ್ಕುದು. ಸಂಸ್ಕೃತದಲ್ಲಿ ನಿರ್ಗುಂಡೀ ಎನಿಸಿದ ಇದರ ಕಡ್ಡಿ ಬುಟ್ಟಿ ಹೆಣೆಯುವಷ್ಟು ಬಳುಕುವುದು. ಕಹಿಯೆಲೆಗೆ ದನಗಳು ಬಾಯಿಡವು.

ಮುಂಗಾರಿನ ಹದಮಳೆಯಾದೊಡನೆ ಹೆಬ್ಬೆರಳ ದಪ್ಪದ ಕಡ್ಡಿಗಳನ್ನು ಆಳುದ್ದ ಕಡಿದು, ವೃತ್ತಾಕಾರವಾಗಿ ಗೇಣಿಗೊಂದರಂತೆ ಮೊಳದಾಳಕ್ಕೆ ನೆಡಬೇಕು. ಬುಡದ ತುದಿಯೇ ಕೆಳಗಿರಲಿ. ಬೇರೂರುವ ಮುನ್ನ ಹೆಣೆಯುವ ಆತುರ ಸಲ್ಲದು. ಅಲುಗಿದ ಕಡ್ಡಿ ಒಣಗುವುದು. ಮರುವರ್ಷ ಚಿಗುರುಗಳನ್ನು ಓರೆಯಾಗಿ ಹೆಣೆದು, ನೆತ್ತಿಯಲ್ಲಿ ಕತ್ತಾಳೆ ನಾರಿನಿಂದ ಸಡಿಲವಾಗಿ ಬಿಗಿಯಬೇಕು. ತಂತಿಯಾದರೆ ತೊಗಟೆಯನ್ನು ಕೊಯ್ಯುವುದು.

2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೂ ಕೆ.ಜಿ.ಎಫ್.ನಲ್ಲಿ ಸೈನೈಡ್ ದಿಬ್ಬಗಳು ಉಳಿದಿವೆ. ಬಿರುಗಾಳಿಗೆ ಅವುಗಳ ಧೂಳು ಮನೆಯಂಗಳಕ್ಕೂ ನುಗ್ಗುವುದು. ಅಲ್ಲಿ ಮಂಟಪದ ಬೆನ್ನು ದಿಬ್ಬದ ಕಡೆಗಿರಲಿ. ಆ ದಿಬ್ಬದ ಮಣ್ಣನ್ನು ಮಾತ್ರ ಗುಂಡಿಗೆ ತುಂಬಲೇಬಾರದು.