ಸ್ನಾನದ ನೀರಿಗೆ ಹೀಟ್ ಪಂಪ್

ಅಡುಗೆಯಿಂದ ಸ್ನಾನದವರೆಗೆ ಎಲ್ಲಕ್ಕೂ ವಿದ್ಯುತ್ತನ್ನೇ ಬಳಸಲು ಹೊರಟ ಮನೆಯವರು ಮೊದಲು ಗಮನಿಸಬೇಕಾದದ್ದು ಬಿಸಿನೀರಿನ ಖರ್ಚನ್ನು. 100 ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 50ಕ್ಕೆ ಏರಿಸಲು ಸಾಮಾನ್ಯ ಗೀಸರಿಗೆ ಸುಮಾರು 3.5 ಯೂನಿಟ್ ವಿದ್ಯುತ್ ಬೇಕಾದರೆ, ಹೊರಗಾಳಿಯ ಶಾಖವನ್ನು ಹೀರಿ ನೀರಿಗೆ ಸಾಗಿಸುವ ಯಂತ್ರವಾದ ಹೀಟ್ ಪಂಪ್ ಬೆಚ್ಚನೆಯ ಹವೆಯಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟರಲ್ಲೇ ಆ ಕೆಲಸ ಮುಗಿಸಬಲ್ಲದು. ಇಲ್ಲಿ ವಿದ್ಯುತ್ತು ಶಾಖವನ್ನು ಹುಟ್ಟಿಸುವುದಿಲ್ಲ, ಕಂಪ್ರೆಸರ್ ನಡೆಸಿ ಇರುವ ಶಾಖವನ್ನೇ ಸ್ಥಳಾಂತರಿಸುತ್ತದೆ. ಫ್ರಿಜ್ ಮಾಡುವುದೂ ಇದನ್ನೇ. ಈ ತತ್ತ್ವದಿಂದ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು ಲಾರ್ಡ್ ಕೆಲ್ವಿನ್ 1852ರಲ್ಲೇ ಸೂಚಿಸಿದ್ದರು.

ವ್ಯಯಿಸಿದ ಪ್ರತಿ ಯೂನಿಟ್ಟಿಗೆ ದೊರೆಯುವ ಶಾಖದ ಪ್ರಮಾಣಕ್ಕೆ ಕಾರ್ಯಕ್ಷಮತಾ ಗುಣಾಂಕವೆಂದು ಹೆಸರು. ಗಾಳಿ ತಣ್ಣಗಾದಷ್ಟೂ ಇದು ಇಳಿಯುವುದರಿಂದ, ಯುರೋಪಿನ ಚಳಿನಾಡುಗಳಿಗಿಂತ ಬೆಂಗಳೂರು, ಮಂಗಳೂರುಗಳ ಹವೆಯೇ ಈ ಯಂತ್ರಕ್ಕೆ ಹೆಚ್ಚು ಅನುಕೂಲಕರ. ಆದರೆ ಇದು ನೀರನ್ನು ನಿಧಾನವಾಗಿ ಕಾಯಿಸುತ್ತದೆ. ಆದ್ದರಿಂದ ಕುಟುಂಬದ ಬಳಕೆಗೆ ತಕ್ಕ ದೊಡ್ಡ ಟ್ಯಾಂಕು ಮತ್ತು ಗಾಳಿಯಾಡುವ ಜಾಗ ಎರಡೂ ಅಗತ್ಯ. ಮುಚ್ಚಿದ ಕಿರುಕೋಣೆಯಲ್ಲಿಟ್ಟರೆ ಅದು ತಾನೇ ತಂಪುಗೊಳಿಸಿದ ಗಾಳಿಯಿಂದ ಮತ್ತೆ ಶಾಖ ಹೀರಬೇಕಾಗಿ ಉಳಿತಾಯವೆಲ್ಲ ಕರಗುತ್ತದೆ.

ಚಾವಣಿಯಲ್ಲಿ ಸುಸ್ಥಿತಿಯ ಸೋಲಾರ್ ಹೀಟರ್ ಇರುವವರು ಅದನ್ನು ಕಿತ್ತೊಗೆಯುವ ಆತುರ ತೋರದೆ, ಮೊದಲು ಬಿಸಿನೀರಿನ ಕೊಳವೆಗಳಿಗೆ ಶಾಖನಿರೋಧಕ ಹೊದಿಕೆ ಹಾಕಿಸಲಿ.