ಮಗು ತಾನಾಗಿಯೇ ನಿದ್ದೆಹೋಗಲಿ

ತೊಟ್ಟಿಲು ತೂಗುವಷ್ಟು ಹೊತ್ತೂ ಮಗು ಸುಖವಾಗಿ ಮಲಗಿರುತ್ತದೆ. ಕೈ ನಿಂತೊಡನೆ ಕಣ್ಣು ಬಿಟ್ಟು ಅಳತೊಡಗುತ್ತದೆ. ರಾತ್ರಿ ಮೂರು ನಾಲ್ಕು ಸಲ ಹೀಗೆಯೇ ಆದರೆ ತಾಯಿಗೆ ನಿದ್ದೆಯಿಲ್ಲ, ಮನೆಮಂದಿಗೆ ನೆಮ್ಮದಿಯಿಲ್ಲ. ದೃಷ್ಟಿಯಾಗಿರಬೇಕೆಂದು ಒಬ್ಬರು, ಹಾಲು ಸಾಲದೆಂದು ಇನ್ನೊಬ್ಬರು ಹೇಳುತ್ತಾರೆ. ಆರು ತಿಂಗಳು ದಾಟಿದ, ತೂಕ ಸರಿಯಾಗಿ ಏರುತ್ತಿರುವ, ಆರೋಗ್ಯವಂತ ಮಗುವಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಅಭ್ಯಾಸವೇ ಕಾರಣ.

ಎಚ್ಚರವಾಗುವುದೇಕೆ?

ನಿದ್ದೆ ರಾತ್ರಿಯಿಡೀ ಒಂದೇ ಸಮನೆ ಇರುವುದಿಲ್ಲ. ಗಾಢ ನಿದ್ದೆ, ತೆಳು ನಿದ್ದೆ ಒಂದಾದ ಮೇಲೊಂದು ಬರುತ್ತವೆ. ದೊಡ್ಡವರಲ್ಲಿ ಈ ಸುತ್ತು ಸುಮಾರು 90 ನಿಮಿಷದ್ದಾದರೆ, ಹಸುಗೂಸಿನಲ್ಲಿ 50ರಿಂದ 60 ನಿಮಿಷದ್ದು. ಸುತ್ತು ಬದಲಾಗುವಾಗ ಎಲ್ಲರಿಗೂ ಕ್ಷಣಕಾಲ ಎಚ್ಚರವಾಗುತ್ತದೆ. ನಾವು ಮಗ್ಗುಲು ಬದಲಿಸಿ ಮಲಗಿಬಿಡುತ್ತೇವೆ. ಆದರೆ ಅಮ್ಮನ ತೊಡೆಯ ಮೇಲೆ ನಿದ್ದೆಹೋದ ಮಗುವಿಗೆ ಮತ್ತೆ ನಿದ್ದೆ ಬರಲು ಅದೇ ತೊಡೆ ಬೇಕು. ತೂಗಿಸಿಕೊಂಡು ಮಲಗಿದ ಮಗುವಿಗೆ ತೂಗುವ ಕೈ ಬೇಕು. ಆದ್ದರಿಂದ ನೀವು ಗಮನಿಸಬೇಕಾದುದು ನಡುರಾತ್ರಿಯ ಅಳುವನ್ನಲ್ಲ, ಸಂಜೆ ಮಗು ಹೇಗೆ ನಿದ್ದೆಹೋಯಿತು ಎಂಬುದನ್ನು.

ಯಾವಾಗ ಆರಂಭಿಸಬೇಕು?

ಮೊದಲ ಮೂರು ತಿಂಗಳು ಕಲಿಸುವ ಮಾತೇ ಬೇಡ. ಹಸುಗೂಸಿನ ಹೊಟ್ಟೆ ಚಿಕ್ಕದು. ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕೇ ಬೇಕು. ಹಗಲು ರಾತ್ರಿಯ ಭೇದವೂ ಅದಕ್ಕಿನ್ನೂ ತಿಳಿಯದು. ನಾಲ್ಕನೆಯ ತಿಂಗಳಿನಿಂದ ಮಲಗುವ ಹೊತ್ತನ್ನು ರೂಢಿಸಬಹುದು. ಆರು ತಿಂಗಳ ನಂತರ ತಾನಾಗಿ ಮಲಗುವುದನ್ನು ಕಲಿಸಬಹುದು. ಈ ವಯಸ್ಸಿನ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು. ಹಸಿದ ಮಗುವಿಗೆ ರಾತ್ರಿ ಎದೆಹಾಲು ಕೊಡಲೇಬೇಕು. ನಾವು ಕಲಿಸುವುದು ನಿದ್ದೆಯನ್ನೇ ಹೊರತು ಉಪವಾಸವನ್ನಲ್ಲ.

ಕಲಿಸುವ ಬಗೆ

ದಿನವೂ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ಮಲಗಿಸಿ. ಬೆಚ್ಚನೆಯ ನೀರಿನಲ್ಲಿ ಮೈ ಒರೆಸಿ, ಬಟ್ಟೆ ಬದಲಿಸಿ, ಹಾಲು ಕೊಟ್ಟು, ಟೀವಿ ಆರಿಸಿ, ದೀಪ ಸಣ್ಣದು ಮಾಡಿ ಒಂದು ಜೋಗುಳ ಹಾಡಿದರೆ ಸಾಕು. ಕಣ್ಣು ಎಳೆಯುತ್ತಿರುವಾಗಲೇ, ಪೂರ್ತಿ ನಿದ್ದೆ ಹತ್ತುವ ಮೊದಲೇ, ಹಾಸಿಗೆಯ ಮೇಲೆ ಬಿಡಿ. ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿ. ದಿನ ಕಳೆದಂತೆ ತಟ್ಟುವುದನ್ನು ಕಡಿಮೆ ಮಾಡಿ, ಆಮೇಲೆ ಬರೀ ಪಕ್ಕದಲ್ಲಿ ಕುಳಿತಿರಿ.

ಅತ್ತರೆ ಎರಡು ನಿಮಿಷ ಕಾಯಿರಿ. ಬಳಿಕ ಎತ್ತಿಕೊಳ್ಳದೆ ಮಾತಿನಿಂದ ಸಮಾಧಾನಪಡಿಸಿ. ಮುಂದಿನ ಸಲ ಇನ್ನೂ ತುಸು ಹೆಚ್ಚು ಕಾಯಿರಿ. ಮೊದಲ ಎರಡು ಮೂರು ರಾತ್ರಿ ಅಳು ಹೆಚ್ಚಬಹುದು, ಧೈರ್ಯಗೆಡಬೇಡಿ. ಅಮ್ಮ ಬಿಟ್ಟದ್ದನ್ನು ಅಜ್ಜಿ ಎತ್ತಿಕೊಂಡರೆ ಮಗು ಕಲಿಯದು. ಮನೆಯವರೆಲ್ಲ ಮೊದಲೇ ಮಾತಾಡಿಕೊಳ್ಳಿ. ಜ್ವರ, ನೆಗಡಿ, ಪ್ರಯಾಣದ ದಿನಗಳಲ್ಲಿ ಈ ಪಾಠ ನಿಲ್ಲಿಸಿ ಮಗುವನ್ನು ಅಪ್ಪಿಕೊಳ್ಳಿ.

ಇದರಿಂದ ಮಗುವಿನ ಮನಸ್ಸಿಗೆ ಪೆಟ್ಟಾಗದೇ ಎಂಬ ಅಳುಕು ಸಹಜ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ತಾಯ್ತಂದೆಯರಿಗೆ ಇಂಥ ಮೆಲುವಿಧಾನಗಳನ್ನು ಕಲಿಸಿದ ಸಂಶೋಧಕರು, ಆರು ವರ್ಷ ತುಂಬಿದ 225 ಮಕ್ಕಳನ್ನು ಮತ್ತೆ ಪರೀಕ್ಷಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಈ ವಿಧಾನ ಅನುಸರಿಸಿದವರ ಮಕ್ಕಳಲ್ಲೂ ಉಳಿದ ಮಕ್ಕಳಲ್ಲೂ ಮಾನಸಿಕ ಆರೋಗ್ಯದಲ್ಲಾಗಲಿ, ತಾಯ್ತಂದೆಯರೊಡನೆ ಇರುವ ಬಾಂಧವ್ಯದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ಎಚ್ಚರಿಕೆಗಳು

ತಾನಾಗಿ ಮಲಗುವುದೆಂದರೆ ಬೇರೆ ಕೋಣೆಯಲ್ಲಿ ಮಲಗುವುದೆಂದಲ್ಲ. ಮಗು ನಿಮ್ಮ ಕೋಣೆಯಲ್ಲೇ, ಪಕ್ಕದಲ್ಲಿ ತನ್ನದೇ ಹಾಸಿಗೆಯಲ್ಲಿರಲಿ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ. ಒಂದು ವರ್ಷದವರೆಗೆ ಬೆನ್ನ ಮೇಲೆಯೇ ಮಲಗಿಸಿ. ದಿಂಬು, ದಪ್ಪ ಹೊದಿಕೆ, ಬೊಂಬೆಗಳನ್ನು ಹತ್ತಿರ ಇಡಬೇಡಿ. ಅಮೆರಿಕದಲ್ಲಿ ಬೆನ್ನ ಮೇಲೆ ಮಲಗಿಸುವ ಪ್ರಚಾರ 1994ರಲ್ಲಿ ಆರಂಭವಾದ ಮೇಲೆ ನಿದ್ದೆಯಲ್ಲಿ ಶಿಶುಗಳು ಹಠಾತ್ತನೆ ಸಾಯುವುದು ಸುಮಾರು ಅರ್ಧಕ್ಕೆ ಇಳಿಯಿತು. ಸೀರೆಯ ಜೋಲಿಯಲ್ಲಿ ಕತ್ತು ಬಾಗಿ ಉಸಿರು ಕಟ್ಟಬಹುದು. ಕಣ್ಣಳತೆಯಲ್ಲಿಲ್ಲದಾಗ ಅದರಲ್ಲಿ ಮಲಗಿಸಬೇಡಿ.

ನಿದ್ದೆ ಬರಲೆಂದು ಅಫೀಮು, ಬ್ರಾಂದಿ, ಕೆಮ್ಮಿನ ಔಷಧ ಇವುಗಳ ಒಂದು ಹನಿಯನ್ನೂ ಕೊಡಕೂಡದು. ಇವು ಮಗುವಿನ ಉಸಿರನ್ನೇ ನಿಲ್ಲಿಸಬಲ್ಲವು.

ತೂಕ ಏರದಿದ್ದರೆ, ಮಗು ಗೊರಕೆ ಹೊಡೆಯುತ್ತಿದ್ದರೆ, ಕಿವಿ ಹಿಡಿದುಕೊಂಡು ಅಳುತ್ತಿದ್ದರೆ ವೈದ್ಯರಿಗೆ ತೋರಿಸಿ. ನಿದ್ದೆಗೆಟ್ಟ ತಾಯಿಗೆ ಸದಾ ಅಳು ಬರುತ್ತಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಅದಕ್ಕೂ ಚಿಕಿತ್ಸೆಯಿದೆ, ಸಂಕೋಚ ಬೇಡ. ರಾತ್ರಿಯ ಒಂದು ಸರದಿಯನ್ನು ತಂದೆ ವಹಿಸಿಕೊಳ್ಳಲಿ. ತಟ್ಟಿ ಮಲಗಿಸಲು ಅಪ್ಪನ ಕೈಯೂ ಆದೀತು.