ಬಿದ್ರಿ ಕೆಲಸ

ಮಳೆಗಾಲ ಬಂತೆಂದರೆ ನಮ್ಮ ಅರಳಸುರಳಿ ಕಡೆ ಮನೆ ಮನೆಗೂ ಮೈಲುತುತ್ತ ಬರುತ್ತದೆ. ಸುಣ್ಣದ ಜೊತೆ ಸೇರಿಸಿ ಅಡಿಕೆಗೆ ಕೊಳೆ ಔಷಧಿ ಹೊಡೆಯುತ್ತೇವೆ. ದೂರದ ಬೀದರಿನಲ್ಲಿ ಲೋಹದ ಕೆಲಸ ಮಾಡುವವರೂ ಇದೇ ಮೈಲುತುತ್ತ ತರುತ್ತಾರೆ. ಅವರಿಗೆ ಯಾಕೆ ಬೇಕು? ನೋಡೋಣ ಬನ್ನಿ.

ಬೀದರ್ ನಮ್ಮ ರಾಜ್ಯದ ಉತ್ತರದ ತುದಿಯಲ್ಲಿದೆ. ಅಲ್ಲಿ ಮಾಡುವ ಕಪ್ಪು ಲೋಹದ ಸಾಮಾನಿಗೆ ಬಿದ್ರಿ ಎಂದು ಹೆಸರು. ಹೂದಾನಿ, ತಟ್ಟೆ, ಹುಕ್ಕಾ, ಎಲೆ ಅಡಿಕೆ ಪೆಟ್ಟಿಗೆ ಎಲ್ಲಾ ಮಾಡುತ್ತಾರೆ. ಬಹಮನಿ ಸುಲ್ತಾನರ ಕಾಲದಿಂದ ಬಂದ ವಿದ್ಯೆ ಇದು. ಅಪ್ಪನ ಪಕ್ಕ ಕೂತು ಮಕ್ಕಳು ಕಲಿಯುತ್ತಾರೆ.

ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಕರಗಿಸುತ್ತಾರೆ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಆಗ ಸಾಮಾನು ಬೆಳ್ಳಗಿರುತ್ತದೆ. ಬೆಳ್ಳಗಿದ್ದರೆ ಗೀಚಿದ ಗೆರೆ ಕಾಣೋದಿಲ್ಲ. ಅದಕ್ಕೇ ಮೈಲುತುತ್ತದ ನೀರು ಬಳಿಯುತ್ತಾರೆ. ಮೈ ಕಪ್ಪಾಗುತ್ತದೆ. ಅದರ ಮೇಲೆ ಚೂಪು ಉಳಿಯಿಂದ ಹೂ, ಬಳ್ಳಿ ಬರೆಯುತ್ತಾರೆ. ಈ ಕಪ್ಪು ಗೆರೆ ಎಳೆಯುವುದಕ್ಕೆ ಮಾತ್ರ. ಆಮೇಲೆ ಉಜ್ಜಿದರೆ ಹೋಗುತ್ತದೆ.

ಗೆರೆಯ ಉದ್ದಕ್ಕೂ ಸಣ್ಣ ಕಾಲುವೆ ಕೊರೆಯುತ್ತಾರೆ. ಅದರೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಅಂಟು ಇಲ್ಲ, ಬೆಸುಗೆ ಇಲ್ಲ. ಕೈ ಸ್ವಲ್ಪ ತಪ್ಪಿದರೂ ಹೂವು ಕೆಟ್ಟಿತು!

ಉಳಿಯುವ ಕಪ್ಪು ಬರುವುದು ಮಣ್ಣಿನಿಂದ. ಅದು ಬೀದರ್ ಕೋಟೆಯ ಮಣ್ಣು. ಹಳೆಯ ಕಟ್ಟಡದೊಳಗೆ ಬಿಸಿಲು, ಮಳೆ ತಾಗದ ಜಾಗದ್ದೇ ಆಗಬೇಕು. ಸರಿಯಾದ ಮಣ್ಣು ಹೌದೋ ಅಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುತ್ತಾರೆ! ಇದನ್ನು ಮೊದಲು ಕೇಳಿದಾಗ ನಾವು ನಕ್ಕೆವು. ಆದರೆ ಆಲೆಮನೆಯಲ್ಲಿ ಬೆಲ್ಲದ ಹದ ನೋಡುವವರ ಹತ್ತಿರ ಯಾವ ಪುಸ್ತಕ ಇರುತ್ತೆ, ಹೇಳಿ?

ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಬಳಸುವುದನ್ನು ನೀವು ನೋಡಿರಬಹುದು. ಅದನ್ನು ಈ ಮಣ್ಣಿಗೆ ನೀರಿನೊಂದಿಗೆ ಕಲಸುತ್ತಾರೆ. ಬಿಸಿ ಮಾಡಿದ ಸಾಮಾನಿಗೆ ಹಚ್ಚಿ ಉಜ್ಜುತ್ತಾರೆ. ಸತುವಿನ ಮೈ ಕಡುಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಸವರುತ್ತಾರೆ.

ಇಷ್ಟಾದರೂ ಕುಶಲಕರ್ಮಿಯ ಕಷ್ಟ ತೀರಿಲ್ಲ. ಬೆಳ್ಳಿಗೆ ಮೊದಲೇ ದುಡ್ಡು ಹಾಕಬೇಕು. ಸಾಮಾನು ಮಾರಾಟವಾಗುವ ತನಕ ಅದು ವಾಪಸು ಬರೋದಿಲ್ಲ. ಬೆಳ್ಳಿಯ ದರ ಏರಿದರೆ ಉಳಿಯುವ ಕೂಲಿ ಕಡಿಮೆ. ಹೀಗಿದ್ದರೆ ಮಕ್ಕಳು ಉಳಿ ಹಿಡಿಯುತ್ತಾರೆಯೇ? ಬೇರೆ ಕೆಲಸ ಹುಡುಕಿಕೊಂಡು ಹೋದರೆ ಅವರನ್ನು ದೂರುವುದು ಸರಿಯಲ್ಲ.

2006ರಲ್ಲಿ ಬಿದ್ರಿಗೆ ಸರ್ಕಾರದ ಭೌಗೋಳಿಕ ಸೂಚಕ ಸಿಕ್ಕಿತು. ನಕಲಿ ಮಾಲಿಗೆ ಬಿದ್ರಿ ಎಂಬ ಹೆಸರು ಹಚ್ಚಿ ಮಾರುವಂತಿಲ್ಲ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅವರೂ ತಂದೆಯಿಂದಲೇ ಈ ಕೆಲಸ ಕಲಿತವರು.

ಈಗ ನಮ್ಮೂರ ಮಾತು. ಅಡಿಕೆ ಸುಲಿಯುವ ನಿಮ್ಮ ಮನೆಯ ಮೆಟ್ಟುಗತ್ತಿ ಯಾರು ಮಾಡಿಕೊಟ್ಟದ್ದು? ಅವರ ಮನೆಯಲ್ಲಿ ಆ ಕೆಲಸ ಈಗ ಯಾರು ಕಲಿಯುತ್ತಿದ್ದಾರೆ? ಕೇಳಿಕೊಂಡು ಬಂದು ನಾಲ್ಕು ಸಾಲು ಬರೆಯಿರಿ. ನಾಳೆ ಕೇಂದ್ರದಲ್ಲಿ ಓದೋಣ.